ಕ್ಯಾಸೆಟ್ಟಿನಿಂದ ಜಾಲತಾಣಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ ಜಾಲತಾಣಕ್ಕೆ ಹಾಕುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಕ್ಯಾಸೆಟ್ಟು ಓಡಿಸುವ ವಿಸಿಆರ್ ಯಂತ್ರದ ತಯಾರಿಕೆಯಲ್ಲಿ ಕೊನೆಯದಾಗಿ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಈಗ ಕೈಗೆ ಸಿಗುವ ಯಂತ್ರಗಳೆಲ್ಲ ಯಾರೋ ಬಳಸಿ ಬಿಟ್ಟವೇ. ಟೇಪು ಚೆನ್ನಾಗಿದ್ದೂ ಓಡಿಸಲು ಯಂತ್ರವಿಲ್ಲ ಎಂಬ ಪರಿಸ್ಥಿತಿ ದೂರವಿಲ್ಲವಾದ್ದರಿಂದ ಉತ್ತರಗಳನ್ನು ಸ್ವಲ್ಪ ವಿವರವಾಗಿಯೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಸಂಘದಲ್ಲಿ ಯಕ್ಷಗಾನ ಬಯಲಾಟಗಳ ನಲವತ್ತು ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಎಲ್ಲವೂ ಮೂರು ಗಂಟೆಯವು. ಒಳ್ಳೆಯ ಭಾಗಗಳನ್ನು ಆಯ್ದು ಸಂಘದ ಜಾಲತಾಣಕ್ಕೆ ಹಾಕಬೇಕೆಂದಿದ್ದೇವೆ. ಹತ್ತಾರು ಕ್ಯಾಸೆಟ್ಟುಗಳ ಒಳಗೆ ಬಿಳಿ ಪುಡಿಯಂಥದ್ದು ಕಾಣುತ್ತಿದೆ. ಎಲ್ಲಿಂದ ಶುರು ಮಾಡುವುದು?
— ಕುಂದಾಪುರ

ಉತ್ತರ: ಆ ಬಿಳಿ ಪುಡಿ ಬೂಷ್ಟು. ಕರಾವಳಿಯ, ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಅದು ಇಲ್ಲದಿದ್ದರೇ ಆಶ್ಚರ್ಯ. ಅಂಥದ್ದನ್ನು ಹಾಗೇ ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಟೇಪನ್ನು ಓದುವ ವಿಡಿಯೊ ಹೆಡ್ಡಿಗೆ ಮೆತ್ತಿಕೊಂಡು ಚಿತ್ರ ಮಾಯವಾಗುತ್ತದೆ, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿದ್ದರೆ ಫಾಸ್ಟ್ ಫಾರ್ವರ್ಡ್ ಒತ್ತಿದ ಕ್ಷಣ ಹರಿದೇ ಹೋಗಬಹುದು.

ಮೊದಲು ಎಲ್ಲವನ್ನೂ ಬೆಳಕಿಗೆ ಹಿಡಿದು ಎರಡು ಗುಂಪು ಮಾಡಿ. ಸ್ವಚ್ಛವಾಗಿರುವವನ್ನು ಮುಗಿಸಿ, ಆಮೇಲೆ ಬೂಷ್ಟಿನವಕ್ಕೆ ಕೈ ಹಾಕಿ. ಯಾವುದೇ ಕ್ಯಾಸೆಟ್ಟಿರಲಿ, ಹೆಸರಿನ ಚೀಟಿ ಅಂಟಿಸುವ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದಾರೋ ನೋಡಿ. ಮುರಿದಿರದಿದ್ದರೆ ಮುರಿದುಬಿಡಿ. ಅದಿದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುತ್ತದೆ.

ಬೂಷ್ಟು ತೆಗೆಯುವ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ. ಡಿಸೆಂಬರ್ ನಂತರದ ಒಣ ತಿಂಗಳುಗಳು ವಾಸಿ. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಮನೆಯ ಹೊರಗೆ ಕುಳಿತು ಮಾಡಿ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಐದು ತಿರುಪುಗಳಿರುತ್ತವೆ. ತಿರುಪು ಬಿಚ್ಚಿ ಮೇಲಿನ ಹೊದಿಕೆ ಎತ್ತುವ ಮೊದಲೂ ಎತ್ತಿದ ಮೇಲೂ ಫೋನಿನಲ್ಲಿ ಫೋಟೊ ತೆಗೆದಿಡಿ. ಒಳಗಿನ ಸಣ್ಣ ಸ್ಪ್ರಿಂಗು, ರೋಲರುಗಳ ಜಾಗ ಮರೆತರೆ ಮತ್ತೆ ಜೋಡಿಸುವುದು ತಲೆನೋವು. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ಅಷ್ಟಿಷ್ಟೇ ಸೋಕಿಸಿ ಸುರುಳಿಯ ಅಂಚನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಔಷಧಿ ಅಂಗಡಿಯ ಶೇ 70ರ ದ್ರಾವಣದಲ್ಲಿ ನೀರು ಹೆಚ್ಚು, ಅದು ಬೇಡ. ಆಮೇಲೆ ಸುರುಳಿಗಳನ್ನು ಬೇರೊಂದು ಸ್ವಚ್ಛ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಿ. ಹಾಳಾದರೂ ಚಿಂತೆಯಿಲ್ಲದ ಇನ್ನೊಂದು ವಿಸಿಆರ್ ಇಟ್ಟುಕೊಂಡು, ಅದರಲ್ಲಿ ಒಂದು ಸಲ ಮುಂದಕ್ಕೂ ಒಂದು ಸಲ ಹಿಂದಕ್ಕೂ ಸುತ್ತಿಸಿ. ಒಳ್ಳೆಯ ಯಂತ್ರಕ್ಕೆ ಹೋಗುವುದು ಅದಾದ ಮೇಲೆ.

ಟೇಪು ತುಂಡಾದರೆ ಸಾಮಾನ್ಯ ಅಂಟುಟೇಪು ಹಚ್ಚಬೇಡಿ. ಸೆಕೆಗೆ ಅದರ ಗೋಂದು ಜಿನುಗಿ ಹೆಡ್ಡಿಗೆ ಹತ್ತುತ್ತದೆ. ತುಂಡಾದ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನೇ ಬಳಸಿ, ಅದನ್ನೂ ಒಳಮೈಗೆ ಹಚ್ಚಿ. ವಿಎಚ್‌ಎಸ್‌ನಲ್ಲಿ ಚಿತ್ರ ಅಚ್ಚಾಗಿರುವುದು ಹೊರಮೈಯಲ್ಲಿ.

ಇನ್ನು ಯಂತ್ರ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಸಾಫ್ಟ್‌ವೇರಿನ ಮೇಲಲ್ಲ. ಟೇಪಿನಿಂದ ಬಾರದಿದ್ದ ವಿವರವನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡದು. ವಿಎಚ್‌ಎಸ್‌ನ ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಡೆಕ್ ಸಿಕ್ಕರೆ ಉತ್ತಮ, ಏಕೆಂದರೆ ಅದರಲ್ಲಿ ಎಸ್-ವಿಡಿಯೊ ಔಟ್ ಇರುತ್ತದೆ. ಬೆಳಕಿನ ಸಂಕೇತವನ್ನೂ ಬಣ್ಣದ ಸಂಕೇತವನ್ನೂ ಬೇರೆ ಬೇರೆಯಾಗಿ ಕೊಡುವುದರಿಂದ ಬಣ್ಣದ ಅಂಚಿನಲ್ಲಿ ಚುಕ್ಕಿ ಹರಿದಾಡುವುದಿಲ್ಲ. ಸಿಗದಿದ್ದರೆ ಸುಸ್ಥಿತಿಯ ಮಾಮೂಲಿ ವಿಎಚ್‌ಎಸ್ ವಿಸಿಆರ್ ಅಥವಾ ಬರೀ ಓಡಿಸುವ ವಿಸಿಪಿ ಸಾಕು. ಚಿತ್ರವನ್ನು ಹಳದಿ ಎವಿ ಔಟ್‌ನಿಂದಲೇ ತೆಗೆದು ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ಕೊಡಿ. ಆಂಟೆನಾ ತಂತಿಯಿಂದ ಬೇಡವೇ ಬೇಡ. ಕೊಳ್ಳುವಾಗ ನಿಮ್ಮದೇ ಒಂದು ಬೇಡವಾದ ಕ್ಯಾಸೆಟ್ಟು ಒಯ್ಯಿರಿ. ಐದು ಸಲ ಹಾಕಿ ತೆಗೆಯಿರಿ, ಹತ್ತು ನಿಮಿಷ ಓಡಿಸಿ, ಹೊರತೆಗೆದು ಟೇಪಿನ ಅಂಚು ಮಡಿಚಿದೆಯೇ ನೋಡಿ. ಮಡಿಚಿದ್ದರೆ ಟೇಪನ್ನು ಎಳೆಯುವ ಪಿಂಚ್ ರೋಲರಿನ ರಬ್ಬರು ಗಟ್ಟಿಯಾಗಿದೆ ಅಥವಾ ಅದಕ್ಕೆ ದಾರಿ ತೋರುವ ಗೈಡುಗಳು ಜರುಗಿವೆ, ಆ ಯಂತ್ರ ನಿಮ್ಮ ಆಟಗಳನ್ನು ತಿಂದುಹಾಕುತ್ತದೆ.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಟೇಪು ಓಡುವಷ್ಟೇ ಹೊತ್ತು ನಕಲಿಗೂ ಬೇಕು, ಇದರಲ್ಲಿ ಅಡ್ಡದಾರಿಯಿಲ್ಲ. ನಲವತ್ತು ಕ್ಯಾಸೆಟ್ಟಿಗೆ 120 ಗಂಟೆ. ದಿನಕ್ಕೆ ಎರಡರಂತೆ ಮಾಡಿದರೂ ಇಪ್ಪತ್ತು ದಿನ. ಗುಣಮಟ್ಟ ಒಂದಿಷ್ಟೂ ಕಳೆಯದೆ ವಿಡಿಯೊ ಹಿಂಡುವ ಹಫ್‌ವೈಯುವಿ ಕೋಡೆಕ್‌ನಲ್ಲಿ ಗಂಟೆಗೆ ಸುಮಾರು 30 ಜಿಬಿ ಹಿಡಿಯುವುದರಿಂದ ಒಟ್ಟು 3.6 ಟಿಬಿ. ನಾಲ್ಕು ಟಿಬಿಯ ಎರಡು ಹಾರ್ಡ್‌ಡಿಸ್ಕ್ ಬೇಕು, ಒಂದು ಸಂಘದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್32 ಆದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ. ಸುಮಾರು ಎಂಟು ನಿಮಿಷಕ್ಕೆ ನಕಲು ನಿಂತಿರುತ್ತದೆ, ನೀವು ಊಟ ಮುಗಿಸಿ ಬಂದಾಗ ಗೊತ್ತಾಗುತ್ತದೆ.

ಬಯಲಾಟಕ್ಕೆ ಸಂಬಂಧಿಸಿ ಇನ್ನೆರಡು ಮಾತು. ಕಪ್ಪು ಹಿನ್ನೆಲೆಯಲ್ಲಿ ಪ್ರಖರ ದೀಪದ ಕೆಳಗಿನ ವೇಷಗಳಲ್ಲಿ ಬಿಳಿ ಭಾಗ ಬೇಗ ಉಕ್ಕುತ್ತದೆ. ನಕಲು ಮಾಡುವ ತಂತ್ರಾಂಶ ವರ್ಚುವಲ್‌ಡಬ್‌ನಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ತೆರೆದು, ಬೆಳಕಿನ ಮಟ್ಟ 16ರಿಂದ 235ರ ನಡುವೆ ನಿಲ್ಲುವಂತೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿಕೊಂಡು ಆಮೇಲೆ ನಕಲು ಶುರು ಮಾಡಿ. ಧ್ವನಿಯನ್ನು ಹೊಂದಿಸುವಾಗ ಭಾಗವತರ ಹಾಡನ್ನಲ್ಲ, ಚಂಡೆಯ ಅಬ್ಬರದ ಜಾಗವನ್ನು ಹಚ್ಚಿಕೊಂಡು ಗರಿಷ್ಠ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿ. ಹೈಫೈ ವಿಸಿಆರ್‌ನಲ್ಲಿ ಧ್ವನಿ ಗರಗರ ಎಂದರೆ ಆಡಿಯೊ ಆಯ್ಕೆಯನ್ನು ‘ನಾರ್ಮಲ್’ಗೆ ಹಾಕಿ. ಟೇಪಿನ ಅಂಚಿನಲ್ಲಿರುವ ಸಾದಾ ಧ್ವನಿಪಟ್ಟಿ ಸಾಮಾನ್ಯವಾಗಿ ಉಳಿದಿರುತ್ತದೆ.

ಪ್ರಶ್ನೆ: ವಿಸಿಆರ್‌ನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಚಿತ್ರದ ಮೇಲ್ಭಾಗ ಬಾವುಟದಂತೆ ಒಂದು ಪಕ್ಕಕ್ಕೆ ಬಾಗುತ್ತದೆ. ಆರಂಭದಲ್ಲಿ ಸರಿಯಿರುವ ಧ್ವನಿ ಗಂಟೆ ಕಳೆಯುವಷ್ಟರಲ್ಲಿ ತುಟಿಗಿಂತ ಹಿಂದೆ ಬೀಳುತ್ತದೆ. ಕಡ್ಡಿ ಕೆಟ್ಟಿದೆಯೇ?
— ದಾವಣಗೆರೆ

ಉತ್ತರ: ಕಡ್ಡಿ ಕೆಟ್ಟಿರಲಿಕ್ಕಿಲ್ಲ. ಟೇಪು ಎಳೆದುಕೊಂಡು ಓಡುವಾಗ ಪ್ರತಿ ಗೆರೆಯೂ ಸರಿಯಾದ ಕ್ಷಣಕ್ಕೆ ಬರುವುದಿಲ್ಲ, ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಹಳೆಯ ಡಬ್ಬಾ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಕ್ಯಾಪ್ಚರ್ ಚಿಪ್ಪು ಸಹಿಸುವುದಿಲ್ಲ. ಮೇಲ್ಭಾಗ ಬಾಗುವುದು ಇದರಿಂದ. ಗೆರೆಗಳ ಓಟ ಇನ್ನೂ ಕೆಟ್ಟಾಗ ಚಿಪ್ಪು ಇಡೀ ಫ್ರೇಮನ್ನೇ ಕೈಬಿಡುತ್ತದೆ. ನಮ್ಮ ದೇಶದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಗಂಟೆಗೆ 90,000. ಅದರಲ್ಲಿ 25 ಬಿದ್ದರೆ ಚಿತ್ರಕ್ಕೂ ಧ್ವನಿಗೂ ಒಂದು ಸೆಕೆಂಡ್ ಅಂತರ ಬಂತು.

ಮದ್ದು ಎಂದರೆ ಟಿಬಿಸಿ, ಅಂದರೆ ಗೆರೆಗಳನ್ನು ಮತ್ತೆ ಸಾಲಾಗಿ ನಿಲ್ಲಿಸುವ ವಿದ್ಯುನ್ಮಂಡಲ (ಸರ್ಕಿಟ್). ಕೆಲವು ಎಸ್-ವಿಎಚ್‌ಎಸ್ ಡೆಕ್‌ಗಳಲ್ಲಿ ಒಳಗೇ ಇರುತ್ತದೆ. ಇಲ್ಲದವರಿಗೆ ಕೈಗೆಟಕುವ ಉಪಾಯ ಪ್ಯಾನಾಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್. ಡಿಸ್ಕ್ ಬರೆಯುವುದು ಬೇಕಿಲ್ಲ. ಡಿವಿಡಿ ಡ್ರೈವ್ ಸತ್ತಿದ್ದರೂ ನಡೆಯುತ್ತದೆ. ವಿಸಿಆರ್‌ನ ಹಳದಿ ತಂತಿಯನ್ನು ಅದರ ಇನ್‌ಪುಟ್ಟಿಗೆ ಕೊಟ್ಟು, ಅದರ ಎಸ್-ವಿಡಿಯೊ ಔಟನ್ನು ಕಡ್ಡಿಗೆ ಜೋಡಿಸಿ. ಬಾಗಿದ ಚಿತ್ರ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಧ್ವನಿಯ ತಂತಿಗಳನ್ನು ಮಾತ್ರ ವಿಸಿಆರ್‌ನಿಂದ ನೇರ ಕಡ್ಡಿಗೇ ಕೊಡಿ.

ಧ್ವನಿ ಜಾರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಚಿತ್ರ ಕಡ್ಡಿಯಿಂದ, ಧ್ವನಿ ಕಂಪ್ಯೂಟರಿನ ಲೈನ್-ಇನ್‌ನಿಂದ ಬರುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಗಡಿಯಾರ. ಅವುಗಳ ನಡುವೆ ಹತ್ತು ಸಾವಿರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.36 ಸೆಕೆಂಡ್ ಅಂತರ. ಎರಡನ್ನೂ ಕಡ್ಡಿಯಿಂದಲೇ ತೆಗೆಯಿರಿ, 48,000 ಹರ್ಟ್ಸ್, 16 ಬಿಟ್. ಪತ್ತೆ ಹಚ್ಚುವುದು ಸುಲಭ: ಅಂತರ ಸಮವಾಗಿ ಬೆಳೆಯುತ್ತಿದ್ದರೆ ಗಡಿಯಾರದ ದೋಷ, ಒಂದೊಂದು ಜಾಗದಲ್ಲಿ ಥಟ್ಟನೆ ಹಾರಿದರೆ ಫ್ರೇಮು ಬಿದ್ದಿದೆ. ಕಡ್ಡಿಯನ್ನು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದರೆ ತೆಗೆದು ನೇರ ಕಂಪ್ಯೂಟರಿಗೆ ಸಿಕ್ಕಿಸಿ. ನಕಲಾಗುವಾಗ ಬ್ರೌಸರ್, ಆಂಟಿವೈರಸ್ ಸ್ಕ್ಯಾನ್ ಎಲ್ಲ ಬಂದ್. ಕಡ್ಡಿಯ ಜೊತೆ ಬರುವ ಸಾಫ್ಟ್‌ವೇರನ್ನು ಮರೆತುಬಿಡಿ. ಅವು ನೇರವಾಗಿ ಎಂಪೆಗ್‌ಗೆ ಹಿಂಡುತ್ತವೆ, ಬಿದ್ದ ಫ್ರೇಮಿನ ಲೆಕ್ಕವನ್ನೂ ತೋರಿಸುವುದಿಲ್ಲ. ವರ್ಚುವಲ್‌ಡಬ್ ಆ ಲೆಕ್ಕ ತೋರಿಸುತ್ತದೆ. ಗಂಟೆಗೆ ಒಂದೋ ಎರಡೋ ಬಿದ್ದರೆ ಚಿಂತೆಯಿಲ್ಲ, ನಿಮಿಷಕ್ಕೆ ಹತ್ತು ಬಿದ್ದರೆ ನಿಲ್ಲಿಸಿ ಕಾರಣ ಹುಡುಕಿ.

ಪ್ರಶ್ನೆ: ಭರತನಾಟ್ಯದ ಹಳೆಯ ಟೇಪನ್ನು ಕ್ಲಿಪ್ ಮಾಡಿದ್ದೇವೆ. ಕೈ ವೇಗವಾಗಿ ಆಡಿದಾಗ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಏಳುತ್ತವೆ. ಎಲ್ಲರೂ ದಪ್ಪಗೆ ಕಾಣುತ್ತಾರೆ. ಚಿತ್ರದ ತಳದಲ್ಲಿ ಒಂದು ಪಟ್ಟಿ ಸದಾ ಕುಣಿಯುತ್ತಿರುತ್ತದೆ.
— ಮೈಸೂರು

ಉತ್ತರ: ಮೂರೂ ಬೇರೆ ಬೇರೆ ವಿಷಯ. ಟೇಪಿನಲ್ಲಿ ಇರುವುದು ಸೆಕೆಂಡಿಗೆ 25 ಪೂರ್ಣ ಚಿತ್ರಗಳಲ್ಲ, 50 ಅರ್ಧ ಚಿತ್ರಗಳು. ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು, ನಡುವೆ ಐವತ್ತನೇ ಒಂದು ಸೆಕೆಂಡ್. ಅಷ್ಟರಲ್ಲಿ ಕೈ ಸರಿದಿರುತ್ತದೆ. ಎರಡನ್ನೂ ಒಂದೇ ಚಿತ್ರಕ್ಕೆ ಹೊಲಿದಾಗ ಬಾಚಣಿಗೆ ಏಳುತ್ತದೆ. ಈ ಅರ್ಧಗಳನ್ನು ಬಿಡಿಸಿ ಪೂರ್ಣ ಚಿತ್ರ ಮಾಡಬೇಕು, ಇದಕ್ಕೆ ಡಿಇಂಟರ್‌ಲೇಸ್ ಎನ್ನುತ್ತಾರೆ. ಆದರೆ ಅದನ್ನು ಮಾಡುವ ಬಗೆಯಲ್ಲೇ ಹೆಚ್ಚಿನವರು ಎಡವುವುದು: ಅರ್ಧ ಚಿತ್ರಗಳನ್ನು ಎಸೆದು 25ಕ್ಕೆ ಇಳಿಸಿಬಿಡುತ್ತಾರೆ. ನೃತ್ಯಕ್ಕೆ ಅದು ಅನ್ಯಾಯ. ಜತಿಯ ಹೆಜ್ಜೆ, ಕಣ್ಣಿನ ಚಲನೆ ಎಲ್ಲ ತಡವರಿಸಿದಂತೆ ಕಾಣುತ್ತದೆ. ಪ್ರತಿ ಅರ್ಧ ಚಿತ್ರದಿಂದಲೂ ಒಂದು ಪೂರ್ಣ ಚಿತ್ರ ಮಾಡಿ ಸೆಕೆಂಡಿಗೆ 50 ಇಟ್ಟುಕೊಳ್ಳಿ. ವಿಡಿಯೊ ರೂಪ ಬದಲಿಸುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಯಾಡಿಫ್ ಎಂಬ ಡಿಇಂಟರ್‌ಲೇಸ್ ವಿಧಾನ ಆರಿಸಿ ಅದರಲ್ಲಿ ‘ಬಾಬ್’ ಎಂಬುದನ್ನು ಹಾಕಿದರೆ ಇದು ಆಗುತ್ತದೆ. ಇನ್ನೂ ನಯವಾಗಿ ಬೇಕೆಂದರೆ ಅವಿಸಿಂತ್ ಎಂಬ ತಂತ್ರಾಂಶದಲ್ಲಿ ಓಡುವ ಕ್ಯೂಟಿಜಿಎಂಸಿ ಇದೆ. ನಿಧಾನ, ಕಲಿಯಲು ಕಷ್ಟ, ಆದರೆ ಫಲಿತಾಂಶ ನೋಡಿದವರು ಹಿಂದಕ್ಕೆ ಹೋಗುವುದಿಲ್ಲ.

ಚಲನೆ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗಿದಂತೆ ಕಂಡರೆ ಬೆಸ–ಸಮದ ಕ್ರಮ ತಿರುವುಮುರುವಾಗಿದೆ. ವಿಎಚ್‌ಎಸ್ ನಕಲುಗಳಲ್ಲಿ ಸಾಮಾನ್ಯವಾಗಿ ಮೇಲಿನ ಗೆರೆ ಮೊದಲು, ಡಿಜಿಟಲ್ ಆದ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಮತ್ತೊಂದು ಎಚ್ಚರ: ಡಿಇಂಟರ್‌ಲೇಸ್ ಆಗುವ ಮೊದಲು ಚಿತ್ರದ ಎತ್ತರವನ್ನು ಬದಲಿಸಬೇಡಿ. ಬದಲಿಸಿದರೆ ಎರಡು ಅರ್ಧಗಳೂ ಕಲಸಿಹೋಗಿ ಬಾಚಣಿಗೆ ಮಸುಕು ನೆರಳಾಗಿ ಕೂರುತ್ತದೆ. ಆಮೇಲೆ ಯಾರಿಂದಲೂ ಬಿಡಿಸಲಾಗದು.

ತಳದ ಪಟ್ಟಿ ದೋಷವಲ್ಲ. ಒಂದು ಹೆಡ್ಡಿನಿಂದ ಇನ್ನೊಂದು ಹೆಡ್ಡಿಗೆ ದಾಟುವ ಜಾಗ ಅದು; ಟಿವಿಯ ಚೌಕಟ್ಟಿನ ಹಿಂದೆ ಮರೆಯಾಗಿರುತ್ತಿತ್ತು. ಎಂಟರಿಂದ ಹನ್ನೆರಡು ಗೆರೆ ಕತ್ತರಿಸಿ.

ದಪ್ಪಗೆ ಕಾಣುವುದು, 4:3ರ ಚಿತ್ರವನ್ನು ಯಾರೋ 16:9ರ ಪರದೆ ತುಂಬಲೆಂದು ಎಳೆದಿರುವುದರಿಂದ. ಪಾಲ್ ನಕಲು 720×576 ಇರುತ್ತದೆ, ಆದರೆ ಅದರ ಚುಕ್ಕಿಗಳು ಚೌಕವಲ್ಲ. ಎಡಬಲದಲ್ಲಿ ಎಂಟೆಂಟು ಚುಕ್ಕಿ ಕತ್ತರಿಸಿ 704 ಮಾಡಿ, ಅಗಲವನ್ನು 768ಕ್ಕೆ ಹಿಗ್ಗಿಸಿದರೆ ಅಳತೆ ಕರಾರುವಾಕ್ಕು. ತಳದಲ್ಲಿ ಹನ್ನೆರಡು ಗೆರೆ ಹೋದರೆ 768×564 ಉಳಿಯುತ್ತದೆ. ಅಕ್ಕಪಕ್ಕದ ಕಪ್ಪು ಜಾಗವನ್ನು ಪ್ಲೇಯರ್ ತಾನೇ ತುಂಬಿಕೊಳ್ಳುತ್ತದೆ, ನೀವು ಬಳಿಯಬೇಕಿಲ್ಲ.

ಪ್ರಶ್ನೆ: ಊರಿನಿಂದ ಅಕ್ಕನ ಮದುವೆಯ ಕ್ಯಾಸೆಟ್ಟು ತಂದಿದ್ದೇನೆ. ಇಲ್ಲಿ ಕೊಂಡ ವಿಸಿಆರ್‌ನಲ್ಲಿ ಚಿತ್ರ ಉರುಳುತ್ತಲೇ ಇದೆ.
— ನ್ಯೂಜೆರ್ಸಿ, ಅಮೆರಿಕ

ಉತ್ತರ: ಕ್ಯಾಸೆಟ್ಟಿನ ಗಾತ್ರ ಒಂದೇ, ಬರೆದ ಪದ್ಧತಿ ಬೇರೆ. ಭಾರತದ್ದು ಪಾಲ್, 625 ಗೆರೆ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ. ಟೇಪಿನ ವೇಗವೂ ಬೇರೆ. ಪಾಲ್‌ನಲ್ಲಿ ಸೆಕೆಂಡಿಗೆ 23.39 ಮಿಮೀ, ಅಲ್ಲಿನದರಲ್ಲಿ 33.35 ಮಿಮೀ. ಟ್ರ್ಯಾಕಿಂಗ್ ಎಷ್ಟು ತಿರುಗಿಸಿದರೂ ಸರಿಹೋಗದು. ಪಾಲ್ ಓಡಿಸುವ ಮಲ್ಟಿ-ಸಿಸ್ಟಮ್ ಯಂತ್ರ ಬೇಕು. ಸ್ಯಾಮ್‌ಸಂಗ್ ಎಸ್‌ವಿ-5000ಡಬ್ಲ್ಯೂ ಅಂಥದ್ದು. ಅದರೊಳಗೇ ಎನ್‌ಟಿಎಸ್‌ಸಿಗೆ ಪರಿವರ್ತಿಸುವ ಸೌಲಭ್ಯವಿದೆ, ಅದನ್ನು ಬಳಸಬೇಡಿ, ಚಲನೆ ಕಲಸುತ್ತದೆ. ಔಟ್‌ಪುಟ್ ಪಾಲ್‌ನಲ್ಲೇ ಇಟ್ಟು, ಕ್ಯಾಪ್ಚರ್ ಸಾಫ್ಟ್‌ವೇರಿನಲ್ಲೂ ಪಾಲ್ ಆರಿಸಿ. ಜಾಲತಾಣಕ್ಕೆ ಸೆಕೆಂಡಿಗೆ 25 ಅಥವಾ 50 ಚಿತ್ರವಿದ್ದರೆ ಯಾವ ದೇಶದಲ್ಲೂ ತೊಂದರೆಯಿಲ್ಲ. ಅಲ್ಲಿಂದ ಊರಿಗೆ ಕಳಿಸಿದ ಎನ್‌ಟಿಎಸ್‌ಸಿ ಟೇಪುಗಳಿಗೂ ಒಂದು ತಕರಾರಿದೆ. ನಮ್ಮ ಹಲವು ವಿಸಿಆರ್‌ಗಳು ಅವನ್ನು ಪಾಲ್-60 ಎಂಬ ಬೆರಕೆ ರೂಪದಲ್ಲಿ ಹೊರಬಿಡುತ್ತವೆ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಕ್ಯಾಪ್ಚರ್ ಕಾರ್ಡು ಪಾಲ್-60 ಅರಿಯದಿದ್ದರೆ ಬಣ್ಣವಿಲ್ಲದೆ ಬರುತ್ತದೆ.

ಪ್ರಶ್ನೆ: ಮಿನಿಡಿವಿ ಟೇಪುಗಳಿವೆ, ಕ್ಯಾಮೆರಾ ಇನ್ನೂ ಓಡುತ್ತದೆ. ಎವಿ ತಂತಿ ಹಾಕಿ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯಲ್ಲಿ ತೆಗೆಯಬಹುದೇ?
— ಶಿವಮೊಗ್ಗ

ಉತ್ತರ: ತೆಗೆಯಬಹುದು, ಆದರೆ ತೆಗೆಯಬಾರದು. ಮಿನಿಡಿವಿಯಲ್ಲಿ ಇರುವುದು ಆಗಲೇ ಡಿಜಿಟಲ್. ಅದನ್ನು ಫೈರ್‌ವೈರ್ (1394 ಎಂದೂ ಹೆಸರು) ಎಂಬ ಡಿಜಿಟಲ್ ತಂತಿಯ ಮೂಲಕ ಇದ್ದದ್ದು ಇದ್ದಂತೆ ಕಂಪ್ಯೂಟರಿಗೆ ಇಳಿಸಬೇಕು, ಗಂಟೆಗೆ ಸುಮಾರು 13 ಜಿಬಿ. ಡೆಸ್ಕ್‌ಟಾಪಿಗೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನದಾದರೆ ಒಳ್ಳೆಯದು. ಕ್ಯಾಮೆರಾದ ಕಡೆ ನಾಲ್ಕು ಪಿನ್, ಕಾರ್ಡಿನ ಕಡೆ ಆರು ಪಿನ್ನಿನ ತಂತಿ. ವಿನ್‌ಡಿವಿ ಎಂಬ ಪುಟ್ಟ ತಂತ್ರಾಂಶ ಸಾಕು. ವಿಂಡೋಸ್ 10, 11ರಲ್ಲಿ ಕ್ಯಾಮೆರಾ ಕಾಣಿಸದಿದ್ದರೆ ‘ಲೆಗಸಿ’ ಹೆಸರಿನ 1394 ಡ್ರೈವರ್ ಹಾಕಬೇಕಾಗುತ್ತದೆ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಎಂದು ಮಾರುವ ಅಗ್ಗದ ತಂತಿಗಳನ್ನು ಕೊಳ್ಳಬೇಡಿ, ಅವು ಕೆಲಸ ಮಾಡುವುದೇ ಇಲ್ಲ. ಹೆಚ್ಚು ಹೊತ್ತು ಹಿಡಿಸಲೆಂದು ಟೇಪನ್ನು ನಿಧಾನ ಓಡಿಸುವ ಎಲ್‌ಪಿ ವೇಗದಲ್ಲಿ ತೆಗೆದ ಟೇಪುಗಳು ಹಲವು ಸಲ ತೆಗೆದ ಕ್ಯಾಮೆರಾದಲ್ಲಷ್ಟೇ ಸರಿಯಾಗಿ ಓಡುತ್ತವೆ. ಆ ಕ್ಯಾಮೆರಾ ಓಡುತ್ತಿರುವಾಗಲೇ ಅವನ್ನು ಮುಗಿಸಿಕೊಳ್ಳಿ.

ಪ್ರಶ್ನೆ: ಕ್ಲಿಪ್ಪುಗಳನ್ನು ನಮ್ಮದೇ ಜಾಲತಾಣದಲ್ಲಿ ಇಟ್ಟಿದ್ದೇವೆ. ಪ್ಲೇ ಒತ್ತಿ ಅರ್ಧ ನಿಮಿಷ ಕಾದರೂ ಶುರುವಾಗುವುದಿಲ್ಲ. ಕೆಲವು ಫೋನುಗಳಲ್ಲಿ ಧ್ವನಿ ಮಾತ್ರ, ಚಿತ್ರ ಕಪ್ಪು. ಯೂಟ್ಯೂಬ್‌ಗೆ ಹಾಕಿದ ಮದುವೆ ಕ್ಲಿಪ್ಪಿಗೆ ಕಾಪಿರೈಟ್ ತಕರಾರೂ ಬಂದಿದೆ.
— ಧಾರವಾಡ

ಉತ್ತರ: ಎಂಪಿ4 ಫೈಲಿಗೆ ಒಂದು ಒಳಸೂಚಿ ಇರುತ್ತದೆ, ಯಾವ ಕ್ಷಣದ ಚಿತ್ರ ಎಲ್ಲಿದೆ ಎಂದು ಹೇಳುವ ಪಟ್ಟಿ. ಎಷ್ಟೋ ತಂತ್ರಾಂಶಗಳು ಅದನ್ನು ಫೈಲಿನ ಕೊನೆಗೆ ಬರೆಯುತ್ತವೆ. ಅದು ಕೈಗೆ ಸಿಗುವವರೆಗೆ ಬ್ರೌಸರ್ ಏನನ್ನೂ ತೋರಿಸಲಾರದು. ಹ್ಯಾಂಡ್‌ಬ್ರೇಕ್‌ನಲ್ಲಿ ‘ವೆಬ್ ಆಪ್ಟಿಮೈಸ್ಡ್’ ಗುರುತು ಹಾಕಿದರೆ ಸೂಚಿ ಮೊದಲಿಗೆ ಬರುತ್ತದೆ, ಕಾಯುವುದು ತಪ್ಪುತ್ತದೆ. ಆದೇಶ ಬರೆದು ನಡೆಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಬಳಸುವವರು ‘ಫಾಸ್ಟ್‌ಸ್ಟಾರ್ಟ್’ ಸೇರಿಸಬೇಕು.

ಕಪ್ಪು ಚಿತ್ರಕ್ಕೆ ಕಾರಣ ಬಣ್ಣದ ರೂಪ. ಮೂಲ ನಕಲಿನಲ್ಲಿ ಬಣ್ಣದ ವಿವರ 4:2:2 ಎಂಬ ಪ್ರಮಾಣದಲ್ಲಿರುತ್ತದೆ; ಫೋನುಗಳಿಗೆ ಒಗ್ಗುವುದು ಬಣ್ಣ ಅದಕ್ಕಿಂತ ಕಡಿಮೆಯಿರುವ 4:2:0. ಎಫ್‌ಎಫ್‌ಎಂಪೆಗ್‌ಗೆ ಏನೂ ಹೇಳದಿದ್ದರೆ ವಿಡಿಯೊ ಹಿಂಡುವ ಎಚ್.264 ರೂಪದಲ್ಲೂ ಅದನ್ನೇ ಉಳಿಸುತ್ತದೆ, ಹಲವು ಫೋನುಗಳ ಚಿಪ್ಪಿಗೆ ಅದು ಅರ್ಥವಾಗದು. 8 ಬಿಟ್, 4:2:0 ಎಂದು ಸ್ಪಷ್ಟವಾಗಿ ಕೊಡಿ. ಅದರ ನಂತರದ ಎಚ್.265ರ ಆಸೆ ಬೇಡ, ಹಳೆಯ ಫೋನುಗಳಲ್ಲಿ ಅದೂ ಕೈಕೊಡುತ್ತದೆ. ಎಚ್.264, ಗುಣಮಟ್ಟದ ಅಂಕ (ಸಿಆರ್‌ಎಫ್) 20ರ ಆಸುಪಾಸು, ಧ್ವನಿಗೆ ಎಎಸಿ 128 ಕೆಬಿಪಿಎಸ್, ಎರಡು ಸೆಕೆಂಡಿಗೊಂದು ಕೀಫ್ರೇಮ್, ಅಂದರೆ ಪೂರ್ತಿಯಾಗಿ ಉಳಿಸಿದ ಚಿತ್ರ. ಟೇಪಿನ ಚುಕ್ಕಿಚುಕ್ಕಿ ಗದ್ದಲವೇ ಫೈಲನ್ನು ಊದಿಸುವುದರಿಂದ ಆ ಗದ್ದಲ ಇಳಿಸುವ ಡಿನಾಯ್ಸ್ ಹಗುರವಾಗಿ ಕೊಡಿ. ಜಾಸ್ತಿ ಕೊಟ್ಟರೆ ಮುಖಗಳು ಮೇಣದ ಬೊಂಬೆಯಾಗುತ್ತವೆ. 2.5 ಎಂಬಿಪಿಎಸ್‌ನಲ್ಲಿ ಮೂರು ನಿಮಿಷದ ಕ್ಲಿಪ್ಪು ಸುಮಾರು 56 ಎಂಬಿ. ಹಳ್ಳಿಯ ನೆಟ್‌ವರ್ಕಿಗೆ ಇದು ಭಾರವೆನಿಸಿದರೆ 640×480, 1 ಎಂಬಿಪಿಎಸ್‌ನ ಇನ್ನೊಂದು ಪ್ರತಿ ಇಡಿ, 23 ಎಂಬಿ ಆದೀತು. ಪುಟದ ವಿಡಿಯೊ ಕೋಡ್‌ನಲ್ಲಿ ‘ಪ್ರಿಲೋಡ್’ ಅನ್ನು ‘ಮೆಟಾಡೇಟಾ’ಕ್ಕೆ ಹಾಕಿ, ಪ್ರತಿ ಕ್ಲಿಪ್ಪಿಗೆ ಪ್ಲೇ ಒತ್ತುವ ಮೊದಲು ಕಾಣುವ ಒಂದು ಪೋಸ್ಟರ್ ಚಿತ್ರ ಕೊಡಿ. ಹತ್ತು ಕ್ಲಿಪ್ಪಿರುವ ಪುಟ ತೆರೆದೊಡನೆ ಹತ್ತೂ ಇಳಿಯತೊಡಗಿದರೆ ಓದುಗರ ಡೇಟಾ ಖಾಲಿ.

ಯೂಟ್ಯೂಬ್‌ಗೆ ಹಾಕುವುದಾದರೆ 1440×1080ಕ್ಕೆ ಹಿಗ್ಗಿಸಿ ಹಾಕಿ. ವಿವರ ಹೆಚ್ಚುವುದಿಲ್ಲ. ಆದರೆ ಅಲ್ಲಿ ಸೆಕೆಂಡಿಗೆ 50 ಚಿತ್ರ ಉಳಿಯುವುದು 720 ಮತ್ತು ಅದಕ್ಕಿಂತ ಮೇಲಿನ ಗಾತ್ರದಲ್ಲಿ ಮಾತ್ರ.

ಮದುವೆ ಕ್ಯಾಸೆಟ್ಟಿನ ತಕರಾರು ನಿರೀಕ್ಷಿತವೇ. ಆ ಕಾಲದ ಸ್ಟುಡಿಯೊಗಳು ಮಂತ್ರ, ವಾಲಗ ಎಲ್ಲವನ್ನೂ ಅಳಿಸಿ ಅದರ ಮೇಲೆ ಸಿನಿಮಾ ಹಾಡು ಕೂರಿಸುತ್ತಿದ್ದವು. ಹಣ ಕೊಟ್ಟು ತೆಗೆಸಿದ ವಿಡಿಯೊದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಂತೆ ತೆಗೆಸಿದವರದು. ಹಾಡಿನ ಹಕ್ಕು ಮಾತ್ರ ಹಾಡಿನವರದೇ. ಹಾಡಿರುವ ಭಾಗದ ಧ್ವನಿಯನ್ನು ತೆಗೆದುಹಾಕಿ, ಅಥವಾ ಮೂಲ ಧ್ವನಿ ಉಳಿದಿರುವ ಭಾಗವನ್ನೇ ಕ್ಲಿಪ್ಪಿಗೆ ಆರಿಸಿ. ಧಾರೆಯ ಹೊತ್ತಿನಲ್ಲಿ ಕೆಲವರು ಹಾಗೇ ಬಿಟ್ಟಿರುತ್ತಾರೆ. ಆಟ, ನಾಟಕ, ಸಂಗೀತದ ಕ್ಲಿಪ್ಪುಗಳಿಗೆ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದಿರಬೇಕು. ಕಾಯ್ದೆಯಲ್ಲಿ ಪ್ರದರ್ಶನಕಾರರ ಹಕ್ಕು 50 ವರ್ಷ.

ಪ್ರಶ್ನೆ: ಹಿಂದೆಯೇ ಸ್ಟುಡಿಯೊದಲ್ಲಿ ಕ್ಯಾಸೆಟ್ಟನ್ನು ಡಿವಿಡಿ ಮಾಡಿಸಿದ್ದೆವು. ಅದರಿಂದಲೇ ಕ್ಲಿಪ್ಪು ಮಾಡಿದರೆ ಸಾಲದೇ?
— ಬೆಂಗಳೂರು

ಉತ್ತರ: ಕ್ಯಾಸೆಟ್ಟು ಉಳಿದಿಲ್ಲವೆಂದರೆ ಅದೇ ಗತಿ. ಮೇಕ್‌ಎಂಕೆವಿ ಎಂಬ ತಂತ್ರಾಂಶದಿಂದ ಡಿಸ್ಕಿನದ್ದನ್ನು ಮತ್ತೆ ಹಿಂಡದೆ ಹಾಗೇ ಹೊರತೆಗೆದು, ಮೇಲೆ ಹೇಳಿದಂತೆ ಡಿಇಂಟರ್‌ಲೇಸ್ ಮಾಡಿ. ಬರೆದ ಡಿವಿಡಿಗಳ ಬಣ್ಣದ ಪದರವೂ ಮಾಸುತ್ತದೆ, ಆದ್ದರಿಂದ ಈ ವಾರವೇ ತೆಗೆದಿಡಿ. ಕ್ಯಾಸೆಟ್ಟು ಅಟ್ಟದ ಮೇಲಿದ್ದರೆ ಮಾತ್ರ ಅದರಿಂದಲೇ ಮತ್ತೆ ಮಾಡಿ. ಒಂದು ಡಿವಿಡಿಗೆ ಮೂರು ಗಂಟೆ ತುಂಬಿಸಿದ್ದರೆ ಸೆಕೆಂಡಿಗೆ ಮೂರೂವರೆ ಮೆಗಾಬಿಟ್ ಮೀರಿರುವುದಿಲ್ಲ, ಹೋಮದ ಹೊಗೆಯೆಲ್ಲ ಚೌಕಚೌಕವಾಗಿ ಒಡೆದಿರುತ್ತದೆ.